ಟೆಂಡರ್ ಕಲಿತೆವು, ಪಟ್ಟಿ ಕಲಿಯಲಿಲ್ಲ: ಸರ್ಕಾರಿ ಕಚೇರಿಗಳ ಕಂಪ್ಯೂಟರ್ ಖರೀದಿ ನಡೆದುಬಂದ ದಾರಿ

ಸರ್ಕಾರಿ ಖರೀದಿಯ ಮಾತು ಬಂದಾಗಲೆಲ್ಲ ಈಗ ಒಂದು ಉತ್ತರ ಸಿದ್ಧವಾಗಿರುತ್ತದೆ: ‘ಎಲ್ಲ ಆನ್‌ಲೈನ್ ಆಗಿದೆ, ಇನ್ನು ಮನಸ್ಸಿಗೆ ಬಂದಂತೆ ಕೊಳ್ಳೋಕೆ ಆಗಲ್ಲ.’ ತರಬೇತಿ ಶಿಬಿರಗಳಲ್ಲೂ ಇದೇ ಮಾತು, ಪತ್ರಿಕಾ ಹೇಳಿಕೆಗಳಲ್ಲೂ ಇದೇ ಮಾತು. ಪುರಸಭೆ, ಪಂಚಾಯಿತಿಗಳ ಲೆಕ್ಕ ತಪಾಸಣೆಯಲ್ಲೇ ವೃತ್ತಿಯ ಬಹುಭಾಗ ಕಳೆದ ನಾನು ಇದನ್ನು ಒಪ್ಪಲಾರೆ. ದೊಡ್ಡ ಖರೀದಿ ಆನ್‌ಲೈನ್ ಆಗಿರುವುದು ನಿಜ. ಆದರೆ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಬ್ಯಾಟರಿ, ಟೋನರ್, ವಾರ್ಷಿಕ ನಿರ್ವಹಣೆ ಇವನ್ನೆಲ್ಲ ನಮ್ಮ ಕಚೇರಿಗಳು ಕೊಳ್ಳುವುದು ಸಣ್ಣ ಮೊತ್ತಗಳಲ್ಲಿ, ಶಾಖೆ ಶಾಖೆಯಾಗಿ, ಅನುದಾನ ಕೈಗೆ ಬಂದಾಗ. ಹೀಗೆ ಚದುರಿದ ಖರೀದಿಯನ್ನು ಹಿಡಿತಕ್ಕೆ ತರುವುದು ಟೆಂಡರ್‌ನಿಂದ ಆಗದ ಕೆಲಸ. ಅದಕ್ಕೆ ಬೇಕಾದದ್ದು ವಸ್ತು, ಗುಣಮಟ್ಟ, ದರ, ಸರಬರಾಜುದಾರ ಎಲ್ಲವೂ ಮೊದಲೇ ಗೊತ್ತಾಗಿರುವ ಒಂದು ಪಟ್ಟಿ, ಅಂದರೆ ಕ್ಯಾಟಲಾಗ್. ನಮ್ಮ ರಾಜ್ಯ ಈ ಪಟ್ಟಿಯ ಹತ್ತಿರಕ್ಕೆ ಹಲವು ಬಾರಿ ಬಂದಿದೆ, ಪ್ರತಿ ಬಾರಿಯೂ ಟೆಂಡರ್ ಕಡೆಗೆ ಹೊರಳಿದೆ.

ಇದನ್ನು ಬರೆಯುತ್ತಿರುವುದು ಬಿಡದಿಯಲ್ಲಿ ಕುಳಿತು. ಇಲ್ಲಿ ಹೆದ್ದಾರಿಯ ಒಂದು ಬದಿಗೆ ಕೈಗಾರಿಕಾ ಪ್ರದೇಶ. 1997ರಲ್ಲಿ ಸ್ಥಾಪನೆಯಾಗಿ 1999ರ ಕೊನೆಗೆ ಕಾರು ತಯಾರಿಕೆ ಆರಂಭಿಸಿದ ಟೊಯೋಟಾ ಕಿರ್ಲೋಸ್ಕರ್, ಅದರ ಸುತ್ತ ಬಿಡಿಭಾಗ ತಯಾರಕರು, ಬಾಷ್, ಕೋಕಾ ಕೋಲಾ. ಇನ್ನೊಂದೆಡೆ ಗ್ರಾಮ ಪಂಚಾಯಿತಿಯಾಗಿದ್ದು ಪುರಸಭೆಯಾಗಿ ಬೆಳೆದ ಊರು, ಅದರ ಕಚೇರಿ, ಶಾಲೆ, ಆರೋಗ್ಯ ಕೇಂದ್ರ, ಸುತ್ತಲಿನ ಪಂಚಾಯಿತಿಗಳು. ದೊಡ್ಡ ಕಾರ್ಖಾನೆಗಳಲ್ಲಿ ವಾಡಿಕೆಯ ಪದ್ಧತಿ ಸರಳ: ಖರೀದಿ ವಿಭಾಗ ವರ್ಷದ ದರ ಒಪ್ಪಂದ ಮಾಡಿಕೊಳ್ಳುತ್ತದೆ, ಯಾವಾಗ ಎಷ್ಟು ಬೇಕೆಂಬುದನ್ನು ಆಯಾ ಶಾಪ್ ಕೇಳುತ್ತದೆ. ಟೊಯೋಟಾ ಲೋಕಕ್ಕೆ ಪರಿಚಯಿಸಿದ ಕಾನ್‌ಬಾನ್ ಕ್ರಮ ನಿಂತಿರುವುದೂ ಈ ತಳಹದಿಯ ಮೇಲೆಯೇ. ದರ ಕೇಂದ್ರದಲ್ಲಿ, ಬೇಡಿಕೆ ಸ್ಥಳದಲ್ಲಿ. ರಸ್ತೆಯ ಈ ಬದಿಗೆ ಆ ಕ್ರಮ ಇನ್ನೂ ದಾಟಿ ಬಂದಿಲ್ಲ.

ಆರಂಭದ ಹೆಜ್ಜೆಗಳು

ದರ ಒಪ್ಪಂದ ಹೊಸದಲ್ಲ. 1922ರಲ್ಲಿ ಶುರುವಾದ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್, ಸ್ವಾತಂತ್ರ್ಯಾನಂತರ ಅದರ ಉತ್ತರಾಧಿಕಾರಿಯಾದ ಕೇಂದ್ರದ ಖರೀದಿ ಸಂಸ್ಥೆ ಡಿಜಿಎಸ್ ಅಂಡ್ ಡಿ, ಕೇಂದ್ರದ ಇಲಾಖೆಗಳಿಗೆಲ್ಲ ಒಂದೇ ದರ ಗೊತ್ತು ಮಾಡಿ ಕೊಡುತ್ತಿದ್ದವು. ನಮ್ಮಲ್ಲಿ ಸ್ಟೋರ್ಸ್ ಪರ್ಚೇಸ್ ಇಲಾಖೆ ಅದೇ ಕೆಲಸ ಮಾಡುತ್ತಿತ್ತು. ಡಿಜಿಎಸ್ ಅಂಡ್ ಡಿ ಒಪ್ಪಂದದಲ್ಲಿ ‘ಫಾಲ್ ಕ್ಲಾಜ್’ ಎಂಬ ಷರತ್ತಿರುತ್ತಿತ್ತು. ಸರಬರಾಜುದಾರ ಅದೇ ವಸ್ತುವನ್ನು ಬೇರೆಯವರಿಗೆ ಕಡಿಮೆಗೆ ಮಾರಿದರೆ ಸರ್ಕಾರಕ್ಕೂ ಅಷ್ಟೇ ಇಳಿಸಬೇಕು. ಮಾರುಕಟ್ಟೆಯ ದರ ಪಟ್ಟಿಯನ್ನು ತಾನಾಗಿ ಎಳೆದುಕೊಂಡು ಹೋಗುವಂತೆ ಮಾಡಿದ ಒಳ್ಳೆಯ ಷರತ್ತು ಇದು. ಆದರೆ ಉಕ್ಕಿನ ಬೀರು, ಟೈಪ್‌ರೈಟರ್‌ಗಳ ಕಾಲಕ್ಕೆ ಹೊಂದಿದ್ದ ವ್ಯವಸ್ಥೆ ಕಂಪ್ಯೂಟರಿನ ವೇಗಕ್ಕೆ ತತ್ತರಿಸಿತು. ಒಪ್ಪಂದದ ಅವಧಿ ಮುಗಿಯುವ ಮೊದಲೇ ಪಟ್ಟಿಯಲ್ಲಿದ್ದ ಮಾದರಿ ಹಳತಾಗುತ್ತಿತ್ತು, ದರ ಮಾತ್ರ ಹಾಗೇ ನಿಂತಿರುತ್ತಿತ್ತು. 2017ರ ಅಕ್ಟೋಬರ್ 31ಕ್ಕೆ ಡಿಜಿಎಸ್ ಅಂಡ್ ಡಿ ಮುಚ್ಚಿತು.

ಹೊರದೇಶಗಳಲ್ಲೂ ಇದೇ ತೂಗಾಟ ನಡೆದಿತ್ತು. ಅಮೆರಿಕ 1965ರ ಬ್ರೂಕ್ಸ್ ಕಾಯ್ದೆಯಿಂದ ಸರ್ಕಾರದ ಕಂಪ್ಯೂಟರ್ ಖರೀದಿಯನ್ನೆಲ್ಲ ಒಂದು ಸಂಸ್ಥೆಯ ಕೈಗೆ ಕೊಟ್ಟಿತು. ಅನುಮತಿಗಾಗಿ ಕಾಯುವುದೇ ಹೆಚ್ಚಾಯಿತೆಂಬ ದೂರು ಬೆಳೆದು, 1996ರಲ್ಲಿ ಕ್ಲಿಂಗರ್–ಕೋಹೆನ್ ಕಾಯ್ದೆ ಆ ಅಧಿಕಾರವನ್ನು ಮತ್ತೆ ಆಯಾ ಇಲಾಖೆಗಳಿಗೆ ಹಿಂದಿರುಗಿಸಿತು. ಪೂರ್ತಿ ಕೇಂದ್ರೀಕರಣ ಕೆಲಸ ನಿಲ್ಲಿಸುತ್ತದೆ, ಪೂರ್ತಿ ವಿಕೇಂದ್ರೀಕರಣ ಹಣ ಸೋರಿಸುತ್ತದೆ. ಇವೆರಡರ ನಡುವಿನ ದಾರಿಯಾಗಿಯೇ ಆನ್‌ಲೈನ್ ಪಟ್ಟಿ ಹುಟ್ಟಿತು. ದಕ್ಷಿಣ ಕೊರಿಯಾ 2002ರಲ್ಲಿ ಕೋನೆಪ್ಸ್ ಎಂಬ ಸರ್ಕಾರಿ ಖರೀದಿ ಜಾಲತಾಣ ಆರಂಭಿಸಿತು. ಬ್ರಿಟನ್ 2012ರಲ್ಲಿ ಕ್ಲೌಡ್ ಸೇವೆಗಳ ಖರೀದಿಗೆ ಜಿ–ಕ್ಲೌಡ್ ತಂದಿತು. ಜಿ–ಕ್ಲೌಡ್‌ನ ಒಂದು ಗುಣ ನನಗೆ ಮುಖ್ಯವೆನಿಸುತ್ತದೆ: ಪಟ್ಟಿಗೆ ಆಯುಷ್ಯವಿದೆ. ಅವಧಿ ಮುಗಿದೊಡನೆ ಹೊಸ ಆವೃತ್ತಿ ಬರುತ್ತದೆ, ಎಲ್ಲರೂ ಮತ್ತೆ ಅರ್ಜಿ ಹಾಕಿ ಒಳಗೆ ಬರಬೇಕು.

ಭೂಮಿ, ಖಜಾನೆಯ ಕಾಲ

ಕರ್ನಾಟಕದ ಸರ್ಕಾರಿ ಕಚೇರಿಗಳಿಗೆ ಕಂಪ್ಯೂಟರ್ ನಿಜವಾಗಿ ನುಗ್ಗಿದ್ದು ನಮ್ಮ ತಲೆಮಾರಿನವರು ಮೇಜಿನ ಮುಂದೆ ಕುಳಿತಿದ್ದಾಗ. 2001ರಲ್ಲಿ ‘ಭೂಮಿ’ ಬಂತು. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿ, 177 ತಾಲ್ಲೂಕು ಕಚೇರಿಗಳ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. 2002ರಲ್ಲಿ ‘ಖಜಾನೆ’ ರಾಜ್ಯದ 216 ಖಜಾನೆ ಕಚೇರಿಗಳನ್ನು ಉಪಗ್ರಹ ಸಂಪರ್ಕದಿಂದ ಬೆಂಗಳೂರಿಗೆ ಜೋಡಿಸಿತು. ಮುಂದೆ ಪುರಸಭೆಗಳಿಗೆ ‘ನಿರ್ಮಲ ನಗರ’ ಯೋಜನೆಯಡಿ ಜೋಡಿ ನಮೂದು ಲೆಕ್ಕ ಪದ್ಧತಿ, ಜನನ–ಮರಣ ದಾಖಲೆ, ಆಸ್ತಿ ತೆರಿಗೆ ತಂತ್ರಾಂಶ ಬಂದವು. ಪಂಚಾಯಿತಿಗಳಿಗೆ ‘ಪಂಚತಂತ್ರ’ ಬಂತು.

ಈ ಕಾಲದ ಬಲ ಏನೆಂದರೆ ಯೋಜನೆಯೇ ಖರೀದಿಯನ್ನು ನಿಯಂತ್ರಿಸುತ್ತಿತ್ತು. ತಂತ್ರಾಂಶ ಯಾವುದು, ಅದಕ್ಕೆ ಎಂಥ ಯಂತ್ರ ಸಾಕು, ಪ್ರಿಂಟರ್ ಯಾವ ಬಗೆಯದು, ಯಾರು ದುರಸ್ತಿ ಮಾಡಬೇಕು ಎಂಬುದೆಲ್ಲ ಒಂದೇ ತಲೆಯಲ್ಲಿ ಕೂತು ತೀರ್ಮಾನವಾಗುತ್ತಿತ್ತು. ಕಚೇರಿಗೆ ಬಂದ ಯಂತ್ರ ಕೆಲಸಕ್ಕೆ ಹೊಂದುತ್ತಿತ್ತು, ದಾಸ್ತಾನು ವಹಿಯಲ್ಲಿ ಒಂದೇ ಹೆಸರಿನಲ್ಲಿ ನಮೂದಾಗುತ್ತಿತ್ತು. ಇದನ್ನು ‘ಹಳೆಯ ಕೇಂದ್ರೀಕೃತ ಪದ್ಧತಿ’ ಎಂದು ಇಂದು ತಳ್ಳಿಹಾಕುವವರು ಅದರ ಶಿಸ್ತನ್ನು ನೋಡಿಲ್ಲ.

ಸಮಸ್ಯೆ ಶುರುವಾದದ್ದು ವಾರಂಟಿ ಮುಗಿದ ಮೇಲೆ. ಯೋಜನೆ ಕೊಟ್ಟ ಯಂತ್ರ ಕೆಟ್ಟಾಗ ಹೊಸದನ್ನು ಕೊಳ್ಳುವ ಹೊಣೆ ಆಯಾ ಕಚೇರಿಗೆ ಬಿತ್ತು. ಹಣ ಸ್ವಂತ ನಿಧಿಯಿಂದ, ಇಲ್ಲವೇ ಹಣಕಾಸು ಆಯೋಗದ ಅನುದಾನದಿಂದ, ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ. ಒಂದು ಸ್ಥಳೀಯ ಸಂಸ್ಥೆಯ ಕಡತ ಈಗಲೂ ನೆನಪಿದೆ. ಒಂದೇ ಆರ್ಥಿಕ ವರ್ಷದಲ್ಲಿ ಕಂದಾಯ, ಆರೋಗ್ಯ, ಎಂಜಿನಿಯರಿಂಗ್ ಶಾಖೆಗಳು ಮೂರು ಬಗೆಯ ಪ್ರಿಂಟರ್ ಕೊಂಡಿದ್ದವು. ಪ್ರತಿ ಟಿಪ್ಪಣಿಯಲ್ಲೂ ‘ತುರ್ತು ಅವಶ್ಯಕತೆ’ ಎಂಬ ಒಂದೇ ಒಕ್ಕಣೆ, ಪ್ರತಿ ಕಡತದಲ್ಲೂ ಮೂರು ದರಪಟ್ಟಿ, ಒಂದು ತುಲನಾ ಪಟ್ಟಿ. ನಿಯಮದ ಕಣ್ಣಿಗೆ ಎಲ್ಲ ಸರಿ. ಆದರೆ ಒಂದು ಪ್ರಿಂಟರ್‌ನ ಟೋನರ್ ಇನ್ನೊಂದಕ್ಕೆ ಹಾಕಲು ಬರುವುದಿಲ್ಲ. ವರ್ಷವಿಡೀ ಟೋನರ್‌ಗೆ ಹೋದ ಹಣ ಪ್ರಿಂಟರ್‌ಗಳ ಬೆಲೆಯನ್ನು ಮೀರಿತ್ತು. ಎರಡು ಯಂತ್ರ ಟೋನರ್ ಇಲ್ಲದೆ ಮೂಲೆ ಸೇರಿದ್ದವು. ಆಕ್ಷೇಪಣಾ ಕಂಡಿಕೆ ಬರೆಯಲು ಹೊರಟರೆ ಉಲ್ಲಂಘನೆಯಾದ ನಿಯಮವೇ ಇರಲಿಲ್ಲ.

ಕಾಯ್ದೆ, ಪೋರ್ಟಲ್, ಮರೆತ ಭಾಗ

ಕೆಟಿಪಿಪಿ ಕಾಯ್ದೆ ಎಂದು ಎಲ್ಲರೂ ಕರೆಯುವ 1999ರ ಪಾರದರ್ಶಕತೆ ಅಧಿನಿಯಮ 2000ದ ಅಕ್ಟೋಬರ್‌ನಿಂದ ಜಾರಿಗೆ ಬಂತು. ಅದು ದೊಡ್ಡ ಖರೀದಿಗೆ ಶಿಸ್ತು ತಂದದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಕಣ್ಣು ಟೆಂಡರ್ ಮೇಲೆ. ಸರಕಿಗೆ ಬಹುಕಾಲ 1 ಲಕ್ಷ ರೂಪಾಯಿ ಇದ್ದ ಮಿತಿಯ ಕೆಳಗೆ ಟೆಂಡರ್ ಬೇಕಿಲ್ಲ. ಸಣ್ಣ ಕಚೇರಿಯ ಕಂಪ್ಯೂಟರ್ ಖರೀದಿ ಬೀಳುವುದು ಬಹುತೇಕ ಆ ಮಿತಿಯ ಕೆಳಗೇ. ಬೇಡಿಕೆಯನ್ನು ತುಂಡು ಮಾಡಬಾರದೆಂಬ ನಿಯಮ ಆರ್ಥಿಕ ಸಂಹಿತೆಯ ಕಾಲದಿಂದ ಇದೆ. ಆದರೆ ಮೂರು ಶಾಖೆ, ಮೂರು ತಿಂಗಳು, ಮೂರು ಅನುದಾನ ಎಂದಾಗ ಅದು ತುಂಡು ಮಾಡಿದ್ದೋ ನಿಜವಾದ ಬೇಡಿಕೆಯೋ ಎಂದು ಸಾಬೀತುಪಡಿಸುವುದು ಕಷ್ಟ.

ಕಿಯೋನಿಕ್ಸ್ ಇನ್ನೊಂದು ದಾರಿ. 1976ರಲ್ಲಿ ಹುಟ್ಟಿ, ಆರ್.ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಿದ ಸಂಸ್ಥೆ ಇದು. ಕಾಯ್ದೆಯ 4(ಜಿ) ಕಲಮಿನಡಿ ಕಾಲಕಾಲಕ್ಕೆ ವಿನಾಯಿತಿ ಪಡೆದು ಇಲಾಖೆಗಳಿಗೆ ನೇರವಾಗಿ ಕಂಪ್ಯೂಟರ್ ಸರಬರಾಜು ಮಾಡಿಸುವ ಮಧ್ಯವರ್ತಿಯೂ ಆಯಿತು. ಪರಿಣತಿ ಇರುವ ಸರ್ಕಾರಿ ಸಂಸ್ಥೆಯೇ ಪಟ್ಟಿ ನಿರ್ವಹಿಸುವುದು ತಾತ್ವಿಕವಾಗಿ ಸರಿಯಾದ ಯೋಚನೆ. ಆದರೆ ವಿನಾಯಿತಿ ಪಡೆದ ಪಟ್ಟಿ ದಿನದಿನವೂ ಮಾರುಕಟ್ಟೆ ದರದ ಎದುರು ನಿಂತು ಉತ್ತರ ಹೇಳಬೇಕು. ಈಚಿನ ವರ್ಷಗಳಲ್ಲಿ ದರಗಳ ಬಗ್ಗೆ ಮತ್ತು ಸರಬರಾಜುದಾರರ ಬಾಕಿ ಬಿಲ್ಲುಗಳ ಬಗ್ಗೆ ನಡೆದ ಬಹಿರಂಗ ವಿವಾದ, ಆ ಉತ್ತರ ಹೇಳುವ ವ್ಯವಸ್ಥೆ ಸಾಲದೆಂಬುದನ್ನು ತೋರಿಸಿತು.

2007ರಲ್ಲಿ ರಾಜ್ಯದ ಇ–ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಬಂದಾಗ ನಮಗೆಲ್ಲ ದೊಡ್ಡ ಭರವಸೆ. ಅದರ ನಕ್ಷೆಯಲ್ಲಿ ಸರಬರಾಜುದಾರರ ನೋಂದಣಿ, ಇಂಡೆಂಟ್, ಟೆಂಡರ್, ಹರಾಜು, ಕರಾರು ನಿರ್ವಹಣೆ ಇದ್ದವು, ಕ್ಯಾಟಲಾಗ್ ನಿರ್ವಹಣೆಯೂ ಇತ್ತು. ದೇಶದಲ್ಲೇ ಮುಂಚೂಣಿಯ ಚಿಂತನೆ ಅದು. ಆದರೆ ಎಲ್ಲರ ಶ್ರಮವೂ ಟೆಂಡರ್ ಭಾಗಕ್ಕೆ ಹೋಯಿತು. ಕಾಯ್ದೆ ಕಡ್ಡಾಯ ಮಾಡಿದ್ದು ಅದನ್ನು, ಮೇಲಧಿಕಾರಿಗಳು ಪ್ರಗತಿ ಕೇಳಿದ್ದೂ ಅದನ್ನೇ. ಕ್ಯಾಟಲಾಗ್ ಭಾಗ ಸ್ಥಳೀಯ ಸಂಸ್ಥೆಗಳ ದಿನನಿತ್ಯದ ಖರೀದಿಗೆ ಇಳಿಯಲೇ ಇಲ್ಲ. 2019ರಲ್ಲಿ ಪೋರ್ಟಲ್‌ಗೆ ಕನ್ನ ಹಾಕಿ ಇಎಂಡಿ (ಟೆಂಡರ್ ಠೇವಣಿ) ಹಣದ ಸುಮಾರು 11 ಕೋಟಿ ರೂಪಾಯಿ ಲಪಟಾಯಿಸಿದ ಪ್ರಕರಣದ ನಂತರ ಎಲ್ಲರ ಗಮನ ಸುರಕ್ಷತೆಯ ಕಡೆ ತಿರುಗಿತು. ಹಳೆಯ ಪೋರ್ಟಲ್ ಜಾಗಕ್ಕೆ ಬಂದ, ಕೆಪಿಪಿಪಿ ಎಂಬ ರಾಜ್ಯದ ಹೊಸ ಖರೀದಿ ಪೋರ್ಟಲ್ ಹೆಚ್ಚು ಗಟ್ಟಿ, ಹೆಚ್ಚು ಚುರುಕು. ಆದರೂ ಅದು ಮೊದಲಿಗೆ ಟೆಂಡರ್ ಪೋರ್ಟಲ್ಲೇ.

ಜೆಮ್ ಕೊಟ್ಟದ್ದು, ಕೊಡದ್ದು

2016ರ ಆಗಸ್ಟ್ 9ರಂದು ಕೇಂದ್ರ ಸರ್ಕಾರ ಜೆಮ್ (ಸರ್ಕಾರಿ ಇ–ಮಾರುಕಟ್ಟೆ) ಪೋರ್ಟಲ್ ಆರಂಭಿಸಿತು. 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೇ ನಿಯಮ ಕೇಂದ್ರದ ಕಚೇರಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಸಣ್ಣ ಮೊತ್ತಕ್ಕೆ ನೇರ ಖರೀದಿ, ಅದರ ಮೇಲಿನ ಹಂತಕ್ಕೆ ಕನಿಷ್ಠ ಮೂರು ತಯಾರಕರ ಹೋಲಿಕೆ, ಇನ್ನೂ ಮೇಲೆ ಬಿಡ್ ಅಥವಾ ರಿವರ್ಸ್ ಆಕ್ಷನ್. ಮಿತಿಗಳು ಆಗಾಗ ಬದಲಾಗಿವೆ, ತತ್ವ ಬದಲಾಗಿಲ್ಲ. ನಮ್ಮಲ್ಲೂ ಹಲವು ಇಲಾಖೆಗಳು, ವಿಶ್ವವಿದ್ಯಾಲಯಗಳು ಅಲ್ಲಿಂದ ಕೊಳ್ಳುತ್ತಿವೆ.

ಜೆಮ್‌ನ ದೊಡ್ಡ ಗುಣ ಪಾವತಿಯ ಶಿಸ್ತು. ಸರಕು ತಲುಪಿದಾಗ ತಾತ್ಕಾಲಿಕ ಸ್ವೀಕೃತಿ, ಪರಿಶೀಲಿಸಿದ ಮೇಲೆ ಅಂತಿಮ ಸ್ವೀಕೃತಿ ಪತ್ರ, ಅದಾಗಿ 10 ದಿನದೊಳಗೆ ಹಣ ಕೊಡಬೇಕೆಂಬ ನಿಯಮ. ಇದರ ಮಹತ್ವ ಬಿಡದಿಯ ಸರಬರಾಜುದಾರರೊಂದಿಗೆ ಮಾತಾಡಿದರೆ ತಿಳಿಯುತ್ತದೆ. ಅದೇ ಬ್ಯಾಟರಿಗೆ ಕಾರ್ಖಾನೆಗೊಂದು ದರ, ಸರ್ಕಾರಿ ಕಚೇರಿಗೊಂದು ದರ. ಏಕೆಂದು ಕೇಳಿದರೆ ಉತ್ತರ ನೇರ: ‘ಅಲ್ಲಿ ಇಂತಿಷ್ಟು ದಿನಕ್ಕೆ ದುಡ್ಡು ಬರತ್ತೆ ಸಾರ್, ಇಲ್ಲಿ ಯಾವಾಗ ಅಂತ ಗೊತ್ತಿಲ್ಲ.’ ಕಾಯುವಿಕೆಯ ಬಡ್ಡಿ ದರದೊಳಗೇ ಸೇರಿಕೊಂಡಿರುತ್ತದೆ. ಪಾವತಿ ಸರಿಯಾಗದೆ ಯಾವ ಪೋರ್ಟಲ್ಲೂ ದರ ಇಳಿಸಲಾರದು.

ಆದರೆ ಜೆಮ್ ಒಂದು ಮಾರುಕಟ್ಟೆ, ಪಟ್ಟಿಯಲ್ಲ. ಸಾವಿರಾರು ಮಾದರಿಗಳ ನಡುವೆ ಯಾವುದು ತಕ್ಕದ್ದೆಂದು ಆರಿಸುವ ಭಾರ ಅಲ್ಲೂ ವಿಷಯ ನಿರ್ವಾಹಕನ ಹೆಗಲ ಮೇಲೆಯೇ. ಪ್ರೊಸೆಸರ್, ಮೆಮೊರಿ, ವಾರಂಟಿಯ ಫಿಲ್ಟರ್‌ಗಳನ್ನು ಸ್ವಲ್ಪ ಬಿಗಿ ಮಾಡಿದರೆ ಒಂದೇ ಕಂಪನಿ ಉಳಿಯುತ್ತದೆ, ಸಡಿಲ ಬಿಟ್ಟರೆ ಕೆಲಸಕ್ಕೆ ಬಾರದ್ದು ಗೆಲ್ಲುತ್ತದೆ. ದ್ವಿತೀಯ ದರ್ಜೆ ಸಹಾಯಕರೊಬ್ಬರು ಕಂದಾಯ, ಜನನ–ಮರಣ, ಚುನಾವಣೆ ಎಲ್ಲ ನೋಡಿಕೊಂಡು ಇದನ್ನೂ ನಿರ್ಧರಿಸಬೇಕೆಂದು ಬಯಸುವುದು ನ್ಯಾಯವಲ್ಲ.

ಉಳಿದಿರುವ ಖಾಲಿ ಜಾಗ

ಇಷ್ಟು ವರ್ಷಗಳ ಸುಧಾರಣೆಯ ನಂತರವೂ ಮೂರು ಸಂಗತಿಗಳ ಮೇಲೆ ಯಾರ ಕಣ್ಣೂ ಬಿದ್ದಿಲ್ಲ. ಒಂದು, ಖರ್ಚಿನ ಬಹುಪಾಲು ಯಂತ್ರದಲ್ಲಿಲ್ಲ, ಯಂತ್ರವನ್ನು ಸಾಕುವುದರಲ್ಲಿದೆ. ಟೋನರ್, ಬ್ಯಾಟರಿ, ನಿರ್ವಹಣಾ ಕರಾರುಗಳನ್ನು ಲೆಕ್ಕಕ್ಕೆ ಹಿಡಿಯದೆ ಅತಿ ಕಡಿಮೆ ಬೆಲೆಯ ಪ್ರಿಂಟರ್ ಆರಿಸಿದರೆ ಅದೇ ಅತಿ ದುಬಾರಿಯಾಗುತ್ತದೆ. ಎರಡು, ಖರೀದಿಯ ದಾಖಲೆ ಪೋರ್ಟಲ್‌ನಲ್ಲಿ, ದಾಸ್ತಾನು ವಹಿ ಕಚೇರಿಯಲ್ಲಿ, ಇವೆರಡಕ್ಕೂ ಮಾತುಕತೆಯಿಲ್ಲ. ಏನಿದೆ ಎಂದು ಗೊತ್ತಿಲ್ಲದವರು ಏನು ಬೇಕೆಂದು ಸರಿಯಾಗಿ ಹೇಳಲಾರರು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳ ಕಾಲದಲ್ಲೂ ಕೆಟ್ಟ ಯಂತ್ರಗಳು ಎಷ್ಟಿವೆ ಎಂಬ ಲೆಕ್ಕ ಬಹುತೇಕ ಕಚೇರಿಗಳಲ್ಲಿ ಸಿಗುವುದಿಲ್ಲ. ಮೂರು, ಪಟ್ಟಿಗೆ ಒಡೆಯನಿಲ್ಲ. ದರ ಪರಿಷ್ಕರಿಸುವ, ಹಳೆಯ ಮಾದರಿ ತೆಗೆಯುವ, ದೂರು ಬಂದ ಸರಬರಾಜುದಾರನನ್ನು ಕೈಬಿಡುವ ಅಧಿಕಾರಿ ಇಲ್ಲದ ಪಟ್ಟಿ ಆರು ತಿಂಗಳಲ್ಲಿ ಸಾಯುತ್ತದೆ. ಡಿಜಿಎಸ್ ಅಂಡ್ ಡಿ ಕಾಲದ ಪಾಠವೂ ಇದೇ ಆಗಿತ್ತು.

ಅಧಿಕಾರವನ್ನು ಕಸಿದುಕೊಂಡು ಎಲ್ಲವನ್ನೂ ಬೆಂಗಳೂರಿನಿಂದ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಯಾವಾಗ, ಎಷ್ಟು ಬೇಕೆಂಬುದು ಮಾಗಡಿಯ ಕಚೇರಿಗೂ ಕನಕಪುರದ ಪಂಚಾಯಿತಿಗೂ ಬಿಟ್ಟ ವಿಚಾರವಾಗಿಯೇ ಇರಲಿ. ಏನು, ಯಾವ ದರಕ್ಕೆ, ಯಾರಿಂದ ಎಂಬುದು ಜಿಲ್ಲಾ ಮಟ್ಟದಲ್ಲಿ ತೀರ್ಮಾನವಾಗಲಿ. 2007ರಲ್ಲಿ ರಾಮನಗರ ಎಂದು ಹುಟ್ಟಿ ಈಗ ಬೆಂಗಳೂರು ದಕ್ಷಿಣ ಎನಿಸಿಕೊಂಡಿರುವ ನಮ್ಮ ಜಿಲ್ಲೆ ಇದಕ್ಕೆ ತಕ್ಕ ಗಾತ್ರದ್ದು, ಸರಬರಾಜುದಾರರೂ ಕೈಗೆಟುಕುವ ದೂರದಲ್ಲಿದ್ದಾರೆ. ಇಡೀ ಜಿಲ್ಲೆಯ ಬೇಡಿಕೆ ಒಟ್ಟುಗೂಡಿಸಿ ಕೆಪಿಪಿಪಿ ಮೂಲಕ ಒಂದೇ ದರ ಟೆಂಡರ್ ಕರೆಯಿರಿ. ಗೆದ್ದ ವಸ್ತುಗಳ ಚಿಕ್ಕ ಪಟ್ಟಿಯನ್ನು ಎಲ್ಲ ಕಚೇರಿಗಳಿಗೂ ಆನ್‌ಲೈನ್‌ನಲ್ಲಿ ತೆರೆದಿಡಿ. ಪಟ್ಟಿಯ ಹೊರಗೆ ಕೊಳ್ಳುವವರು ಕಾರಣ ಬರೆಯಲಿ, ಆ ಕಾರಣ ಲೆಕ್ಕ ತಪಾಸಣೆಗೆ ಬರಲಿ. ವರ್ಷಕ್ಕೊಮ್ಮೆ ಪಟ್ಟಿ ಪೂರ್ತಿ ಹೊಸದಾಗಲಿ, ಸ್ವೀಕೃತಿಯಾದ ಬಿಲ್ಲಿಗೆ ಗೊತ್ತಾದ ದಿನದೊಳಗೆ ಹಣ ಹೋಗಲಿ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಪೋರ್ಟಲ್ಲೂ ಬೇಕಿಲ್ಲ. ಒಬ್ಬ ಹೊಣೆಗಾರ ಅಧಿಕಾರಿ ಬೇಕು, ಅವರ ಕೈಗೆ ಜಿಲ್ಲೆಯ ದಾಸ್ತಾನಿನ ಸರಿಯಾದ ಲೆಕ್ಕ ಬೇಕು. ಲ್ಯಾಪ್‌ಟಾಪ್, ಸರ್ವರ್‌ಗಳ ಮಾತು ಆಮೇಲೆ. ಮೊದಲ ವರ್ಷ ಟೋನರ್ ಮತ್ತು ಯುಪಿಎಸ್ ಬ್ಯಾಟರಿ ಎರಡನ್ನೇ ಪಟ್ಟಿಗೆ ತನ್ನಿ. ಅದರ ಫಲ ಮುಂದಿನ ಮಾರ್ಚ್‌ನ ಲೆಕ್ಕದಲ್ಲೇ ಕಾಣಿಸುತ್ತದೆ.