ಕೆಇಬಿಗೂ ಮೊದಲು ಒಬ್ಬ ಲಾಟ್ಬಿನಿಯರ್

ಭರಮಸಾಗರದ ಕೆರೆಗೆ 2021ರಲ್ಲಿ ತುಂಗಭದ್ರೆಯ ನೀರು ಬಂತು. ಬಿಚ್ಚುಗತ್ತಿ ಭರಮಣ್ಣ ನಾಯಕ ಕಟ್ಟಿಸಿದ ಕೆರೆ ಅದು. ಚಾನೆಲ್‌ನವರು ನಾವೆಲ್ಲ ತೋರಿಸಿದ್ದು ನೀರನ್ನು. ತೋರಿಸಬೇಕಾದ್ದೇ ಬಿಡಿ. ಆದರೆ ವೀಕ್ಷಕರೇ, ಹೊಳೆ ಎಲ್ಲಿದೆ, ಕೆರೆ ಎಲ್ಲಿದೆ! ಹರಿಹರದ ಕಡೆ ತಗ್ಗಿನಲ್ಲಿ ಹರಿಯೋ ನೀರು ತಾನಾಗಿ ಗುಡ್ಡ ಹತ್ತಿ ಬರಲ್ಲ. ಮೋಟಾರು ಎತ್ತಿತು. ಆ ಮೋಟಾರನ್ನು ತಿರುಗಿಸಿದ್ದು ಕರೆಂಟು. ಕರೆಂಟನ್ನು ಯಾರೂ ತೋರಿಸಲಿಲ್ಲ. ಅದು ಹೋದಾಗ ಮಾತ್ರ ಸುದ್ದಿ.

ನಮ್ಮ ದುರ್ಗದ ಸೀಮೆಯಲ್ಲಿ ಈಗಲೂ ಜನ 'ಕೆಇಬಿ' ಅಂತಲೇ ಅನ್ನೋದು. ಬೋರ್ಡು ಹೋಗಿ ಕಂಪನಿ ಬಂದು ಎರಡು ದಶಕ ದಾಟಿದರೂ ಬಾಯಿ ಬದಲಾಗಿಲ್ಲ. ಸರ್ಕಾರವೇ ಕರೆಂಟು ಮಾಡಿ, ಸರ್ಕಾರವೇ ಮಾರುವ ಈ ವ್ಯವಸ್ಥೆ ನಮ್ಮಲ್ಲಿ ಶುರುವಾದದ್ದು ಹೇಗೆ? ಅದನ್ನು ಮೊದಲು ನಡೆಸಿದ ಇಂಜಿನಿಯರು ಯಾರು?

ಅಲೈನ್ ಜೋಲಿ ಡಿ ಲಾಟ್ಬಿನಿಯರ್. ಹೆಸರು ಹೇಳೋಕೇ ನಾಲಿಗೆ ತಿರುಗಲ್ಲ. ಕೆನಡಾ ದೇಶದ ಕ್ವಿಬೆಕ್‌ನವನು, ಹುಟ್ಟಿದ್ದು 1862ರಲ್ಲಿ. ಅಪ್ಪ ಆ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಆಗಿದ್ದವರು. ಮಗ ಓದಿದ್ದು ಕಿಂಗ್‌ಸ್ಟನ್‌ನ ಮಿಲಿಟರಿ ಕಾಲೇಜಿನಲ್ಲಿ, ಸೇರಿದ್ದು ಬ್ರಿಟಿಷ್ ಸೈನ್ಯದ ರಾಯಲ್ ಇಂಜಿನಿಯರ್ಸ್. ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಡೆಪ್ಯುಟಿ ಚೀಫ್ ಇಂಜಿನಿಯರ್. ಸೇತುವೆ, ರಸ್ತೆ, ಕಟ್ಟಡ ಕಟ್ಟೋ ಸೈನ್ಯದ ಇಂಜಿನಿಯರಿಗೆ ಎಲೆಕ್ಟ್ರಿಕಲ್ ಕೆಲಸ ಬಂದದ್ದು ನೋಡಿ ಕಲಿತು.

ಆಗ ದಿವಾನರು ಕೆ. ಶೇಷಾದ್ರಿ ಅಯ್ಯರ್. ಚಾಮರಾಜೇಂದ್ರ ಒಡೆಯರ್ 1894ರಲ್ಲಿ ತೀರಿಕೊಂಡಿದ್ದರು, ಮಹಾರಾಜರು ಇನ್ನೂ ಹುಡುಗ, ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಆಡಳಿತ. ಶಿವನಸಮುದ್ರದ ಜಲಪಾತದ ಮೇಲೆ ಖಾಸಗಿಯವರ ಕಣ್ಣೂ ಬಿದ್ದಿತ್ತು. ನದಿಯ ಆಚೆ ದಡದ ಕೊಳ್ಳೇಗಾಲ ಅವತ್ತು ಮದ್ರಾಸಿನವರದ್ದು, ಹಾಗಾಗಿ ಅವರನ್ನೂ ಒಪ್ಪಿಸಬೇಕು. ಇಷ್ಟೆಲ್ಲದರ ನಡುವೆ ಮೈಸೂರು ಸರ್ಕಾರ ತಾನೇ ಈ ಕೆಲಸಕ್ಕೆ ಕೈಹಾಕಿತು.

ಲಾಟ್ಬಿನಿಯರ್ ಯುರೋಪು, ಅಮೆರಿಕ ಸುತ್ತಿ ಬಂದ. ನಯಾಗರಾ ಜಲಪಾತದ ಕರೆಂಟು ಬಫೆಲೋ ಪಟ್ಟಣ ಮುಟ್ಟಿದ್ದು 1896ರಲ್ಲಿ, ಅದೂ ಸುಮಾರು 40 ಕಿ.ಮೀ. ದೂರಕ್ಕೆ. ಈತ ಇಲ್ಲಿ ಎಳೆಯಬೇಕಾಗಿದ್ದದ್ದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿವರೆಗೆ, 147 ಕಿ.ಮೀ.! ಹುಚ್ಚಾಟ ಅಂತ ಅಂದವರು ಇದ್ದಿರಲೇಬೇಕು. ಆದರೆ ನನಗೆ ದೊಡ್ಡದಾಗಿ ಕಾಣೋದು ಆ ದೂರ ಅಲ್ಲ, ಲೆಕ್ಕಾಚಾರ. ಕಂಬ ನೆಡೋಕೆ ಮೊದಲೇ ಗಿರಾಕಿ ಗೊತ್ತಾಗಿದ್ದ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ಇಷ್ಟು ಕರೆಂಟು, ಇಷ್ಟು ದುಡ್ಡು ಅಂತ ಕರಾರು ಆಗಿತ್ತು. ಉಗಿ ಯಂತ್ರಕ್ಕೆ ದೂರದಿಂದ ಕಲ್ಲಿದ್ದಲು ತರಿಸಿ ಸುಸ್ತಾಗಿದ್ದ ಗಣಿಯವರಿಗೂ ಇದು ಬೇಕಿತ್ತು.

ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯದು, ಜನರೇಟರು, ವಿದ್ಯುತ್ ಸಾಮಾನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಹಡಗಲ್ಲಿ ಬಂದು, ರೈಲಲ್ಲಿ ಬಂದು, ಆಮೇಲೆ? ಎತ್ತಿನ ಗಾಡಿ, ಆನೆ. ಕರೆಂಟಿನ ಯಂತ್ರವನ್ನು ಎತ್ತುಗಳು ಎಳೆದು ತಂದವು ಸ್ವಾಮಿ! 1902ರ ಜೂನ್ 30ರಂದು 35,000 ವೋಲ್ಟ್‌ನ ಲೈನಿನಲ್ಲಿ ಕರೆಂಟು ಹರಿದು ಕೋಲಾರ ಮುಟ್ಟಿತು. ಇದನ್ನು ನೋಡೋಕೆ ಶೇಷಾದ್ರಿ ಅಯ್ಯರ್ ಇರಲಿಲ್ಲ. 1901ರಲ್ಲೇ ಹೋಗಿಬಿಟ್ಟಿದ್ದರು.

ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ಕ್ಕೆ. ಅಂದರೆ ಮೊದಲು ಬಿಳಿಯರ ಗಣಿ, ಮೂರು ವರ್ಷದ ಮೇಲೆ ಊರ ಜನ. ಇದು ಅನ್ಯಾಯ ಅಲ್ವಾ ಅಂತ ನೀವು ಕೇಳಬಹುದು. ಕೇಳಬೇಕು ಕೂಡ. ಕಾವೇರಿಯ ಕರೆಂಟು ಚಿನ್ನವನ್ನು ಮೇಲೆತ್ತಿತು, ಚಿನ್ನ ಹಡಗು ಹತ್ತಿತು. ಇದನ್ನು ನಾನು ಮುಚ್ಚಿಡಲ್ಲ. ಆದರೆ ದುಡ್ಡು ಕೊಡೋ ಗಿರಾಕಿ ಇಲ್ಲದೆ ಈ ಯೋಜನೆ ಕಾಗದ ಬಿಟ್ಟು ಏಳುತ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ. ಖಾಸಗಿಯವರ ಕೈಗೆ ಕೊಟ್ಟಿದ್ದರೆ ಲಾಭವೂ ಹಡಗು ಹತ್ತುತ್ತಿತ್ತು. ಅದು ಸಂಸ್ಥಾನದ ಖಜಾನೆಗೆ ಬಂತಲ್ಲ, ದಿವಾನರ ಜಾಣತನ ಅಲ್ಲಿದೆ. ನಮ್ಮ ಜಿಲ್ಲೆಗೆ ಅವರ ಕಾಲದಲ್ಲಿ ಶುರುವಾದದ್ದು ಮಾರಿಕಣಿವೆ, ಹಿರಿಯೂರಿನ ವಾಣಿವಿಲಾಸ ಸಾಗರ. ಕೋಲಾರಕ್ಕೆ ಕರೆಂಟು, ದುರ್ಗಕ್ಕೆ ಕಲ್ಲಿನ ಕಟ್ಟೆ.

ಲಾಟ್ಬಿನಿಯರ್ ಆಮೇಲೆ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ವಿದ್ಯುತ್ ಯೋಜನೆ ಹಿಡಿದ. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಇಲಾಖೆ ಉಳಿಯಿತು, ಬೆಳೆಯಿತು. ಅಮೆರಿಕದ ಎಚ್. ಪಿ. ಗಿಬ್ಸ್ ಇಲ್ಲಿ ಮುಖ್ಯ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಕೆಲಸ ಮಾಡಿ ಟಾಟಾದವರ ವಿದ್ಯುತ್ ಕಂಪನಿಗೆ ಹೋದರು. ಹೊರಗಿನವರು ಇಲ್ಲಿ ಕಲಿತದ್ದು ಹಾಗೆ ಮುಂಬೈಗೂ ಹೋಯಿತು. ಬೇಸಿಗೆಯಲ್ಲೂ ಶಿವನಸಮುದ್ರಕ್ಕೆ ನೀರು ಬೇಕಲ್ಲ? 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಗೋಕೆ ಅದೂ ಒಂದು ಕಾರಣ. 1948ರಲ್ಲಿ ಜೋಗ. 1957ರ ಅಕ್ಟೋಬರ್ 1ಕ್ಕೆ ಇಲಾಖೆ ಹೋಗಿ ವಿದ್ಯುತ್ ಮಂಡಳಿ ಬಂತು. 1970ರಲ್ಲಿ ಉತ್ಪಾದನೆಗೆ ಬೇರೆ ನಿಗಮ, 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಬೆಸ್ಕಾಂ. ಭರಮಸಾಗರ ಬರೋದು ಈ ಬೆಸ್ಕಾಂ ಕೆಳಗೆ.

ಇವತ್ತು ಈ ಕಂಪನಿಗಳ ಎಂಡಿ ಕುರ್ಚಿಯಲ್ಲಿ ಹೆಚ್ಚಾಗಿ ಐಎಎಸ್ ಅಧಿಕಾರಿಗಳು ಕೂರುತ್ತಾರೆ. ಇಂಜಿನಿಯರೇ ಕೂರಬೇಕು ಅನ್ನೋ ವಾದ ಹಳೆಯದು. ನನ್ನ ಪ್ರಶ್ನೆ ಬೇರೆ. ಲಾಟ್ಬಿನಿಯರ್‌ಗೆ ದುಡ್ಡು ಕೊಡೋ ಗಿರಾಕಿ ಮೊದಲೇ ಇದ್ದ. ಈಗ ಹತ್ತು ಎಚ್‌ಪಿವರೆಗಿನ ರೈತರ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, 2023ರಿಂದ ಮನೆಗಳಿಗೆ 200 ಯೂನಿಟ್‌ವರೆಗೆ ಗೃಹಜ್ಯೋತಿ. ಕೊಡಲಿ, ಮೆಕ್ಕೆಜೋಳ, ಈರುಳ್ಳಿ ಬೆಳೆಯೋ ನಮ್ಮ ರೈತನಿಗೆ ಬೇಕೇ ಬೇಕು. ಆ ಬಿಲ್ಲನ್ನು ಸರ್ಕಾರ ಹೊತ್ತಿಗೆ ಸರಿಯಾಗಿ ಕಟ್ಟದಿದ್ದರೆ ಕುರ್ಚಿಯಲ್ಲಿ ಯಾರು ಕೂತರೇನು?

ಅಂದಹಾಗೆ, ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೋಸ್ಕರ ಹುಟ್ಟಿದ ಶಿವನಸಮುದ್ರದ ಕೇಂದ್ರ, 42 ಮೆಗಾವಾಟ್ ಸಾಮರ್ಥ್ಯದ್ದು, ಗಣಿ ಹೋದ ಮೇಲೂ ಕರೆಂಟು ಕೊಡುತ್ತಾ ಬಂದಿದೆ.