ಸ್ಯಾನ್ ಫ್ರಾನ್ಸಿಸ್ಕೊದಿಂದ ಉಪ್ಪಿನಬೆಟಗೇರಿಗೆ ಎಷ್ಟು ತಾಸು?

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರು ಎಷ್ಟು ದೂರ ಅಂತ ಮೊಬೈಲ್‌ನಲ್ಲಿ ಹುಡುಕಿದರೆ ಸುಮಾರು 14,000 ಕಿ.ಮೀ. ಅಂತ ಬರುತ್ತದೆ. ತಾಸಿಗೆ 900 ಕಿ.ಮೀ. ವೇಗ ಹಿಡಿದು ಭಾಗಿಸಿದರೆ ಹದಿನೈದೂವರೆ ತಾಸು. ಲೆಕ್ಕವೇನೋ ಸರಿ. ಆದರೆ ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂಥ ಊರಲ್ಲಿ ಒಂದು ಸಾವಾಗಿ, ಅಮೆರಿಕದಲ್ಲಿರುವ ಮಗ ಬರೋತನಕ ಮಣ್ಣು ತಡೀಬೇಕೋ ಬೇಡವೋ ಅಂತ ಹಿರಿಯರು ಕೂತಾಗ ಈ ಅಂಕಿ ಸಾಲೋದಿಲ್ಲ.

ದೂರ ಒಂದು, ದಾರಿ ಇನ್ನೊಂದು

14,000 ಕಿ.ಮೀ. ಅನ್ನೋದು ದುಂಡಗಿನ ಭೂಮಿಯ ಮೇಲೆ ದಾರ ಎಳೆದು ಹಿಡಿದರೆ ಸಿಗುವ ಅತಿ ಕಡಿಮೆ ದೂರ. ಆ ದಾರ ಸೈಬೀರಿಯಾದ ಮೇಲೆ ಹಾಯುತ್ತದೆ. ವಿಮಾನ ಅದನ್ನೇ ಹಿಡಿದು ಹೋಗಬೇಕೆಂದಿಲ್ಲ. ಗಾಳಿ, ಹವಾಮಾನ, ಯಾವ ದೇಶದ ಆಕಾಶ ತೆರೆದಿದೆ ಅನ್ನೋದರ ಮೇಲೆ ದಾರಿ ಬದಲಾಗುತ್ತದೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿಯಿಂದಾಗಿ ಹೋಗುವ ಸಮಯ, ಬರುವ ಸಮಯ ಒಂದೇ ಇರೋದಿಲ್ಲ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ನೇರ ಮಾರ್ಗ ಶುರುಮಾಡಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಕಡೆಯಿಂದ ಹಾರಿ ಬೆಂಗಳೂರಿಗೆ ಬಂದಿಳಿಯಿತು. ಆ ಪ್ರಯಾಣಕ್ಕೆ ಹಿಡಿದದ್ದು ಸುಮಾರು 17 ತಾಸು.

ಮನೆಯಿಂದ ಮನೆಗೆ

ಅಲ್ಲಿ ಮನೆ ಬಿಟ್ಟು, ಚೆಕ್-ಇನ್ ಮುಗಿಸಿ ವಿಮಾನ ಏರಲು 4 ತಾಸು. ನೇರ ವಿಮಾನವಿದ್ದರೆ ಹಾರಾಟ 17. ಬೆಂಗಳೂರಲ್ಲಿ ಇಮಿಗ್ರೇಷನ್, ಲಗೇಜು ಒಂದೂವರೆ. ಅಲ್ಲಿಂದ ಊರಿಗೆ ಕಾರಿನಲ್ಲಿ ಸುಮಾರು 450 ಕಿ.ಮೀ., 8 ತಾಸು. ಒಟ್ಟು ಮೂವತ್ತೂವರೆ. ಹುಬ್ಬಳ್ಳಿಗೆ ವಿಮಾನವಿದೆ, ಹಾರಾಟ ತಾಸಿನ ಮಾತು. ಆದರೆ ಹೊಂದುವ ಸಮಯಕ್ಕೆ ಸಿಗದಿದ್ದರೆ ಕಾಯೋದರಲ್ಲೇ ಉಳಿತಾಯ ಹೋಗುತ್ತದೆ. ನೇರ ವಿಮಾನ ಇಲ್ಲದಿದ್ದರೆ ದುಬೈಯೋ ಸಿಂಗಪುರವೋ ಸುತ್ತಿ ಬರಬೇಕು. ಆಗ 36 ತಾಸು ದಾಟಬಹುದು.

ಗಡಿಯಾರವನ್ನೂ ನೋಡಿ. ಮಾರ್ಚ್‌ನಿಂದ ನವೆಂಬರ್‌ವರೆಗೆ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ತಾಸು ಹಿಂದೆ, ಉಳಿದ ತಿಂಗಳಲ್ಲಿ ಹದಿಮೂರೂವರೆ. ಜೂನ್‌ನಲ್ಲಿ ಸೋಮವಾರ ಬೆಳಿಗ್ಗೆ ಆರಕ್ಕೆ ಊರಿಂದ ಫೋನ್ ಹೋದರೆ ಅಲ್ಲಿ ರವಿವಾರ ಸಂಜೆ ಐದೂವರೆ. ಆಗಲೇ ಮನೆ ಬಿಟ್ಟು, ಎಲ್ಲೂ ಕಾಯದೆ ವಿಮಾನ ಸಿಕ್ಕರೂ ಊರು ಮುಟ್ಟೋದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ.

ಮೊದಲೇ ಮಾತಾಡಿಡಿ

ನಮ್ಮ ಕಡೆ ಮಣ್ಣು ಸಾಮಾನ್ಯವಾಗಿ ಅದೇ ದಿನ, ತಡವಾದರೆ ಮರುದಿನ. ಅಂದರೆ ಒಂದು ರಾತ್ರಿ ತಡೆದರೂ ಮಗ ಮುಖ ನೋಡೋದು ಖಾತ್ರಿಯಿಲ್ಲ. ಕಾಯೋದೇ ಆದರೆ ಫ್ರೀಜರ್ ಪೆಟ್ಟಿಗೆ ಎಲ್ಲಿ ಸಿಗುತ್ತದೆ ಅನ್ನೋದು ಮನೆಯವರಿಗೆ ಗೊತ್ತಿರಬೇಕು. ಅತ್ತ ಮಗನ ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ವಾಪಸ್ ಹೋಗೋಕೆ ಮತ್ತೆ ವೀಸಾ ಪಡೆಯಬೇಕು. ಎಷ್ಟೋ ಜನ ಹೊರಡಲು ಹಿಂಜರಿಯೋದು ಇದಕ್ಕೇ.

ಕಾಯದೇ ಮಣ್ಣು ಮಾಡಿದರೆ ಮಗನಿಗೆ ಅನ್ಯಾಯ ಮಾಡಿದಂತಲ್ಲ. ಬರದೇ ಉಳಿದ ಮಗ ಕಟುಕನೂ ಅಲ್ಲ. ಈ ಮೂವತ್ತು ತಾಸಿನ ಲೆಕ್ಕ ಅಪ್ಪ-ಅವ್ವ ಗಟ್ಟಿಯಿದ್ದಾಗಲೇ ಅವರೆದುರು ಕೂತು ಮಾತಾಡಿಡೋದು ಒಳ್ಳೇದು. ಕಾಯಬೇಕೋ ಬೇಡವೋ ಅಂತ ಹೇಳೋ ಹಕ್ಕು ಎಲ್ಲರಿಗಿಂತ ಮೊದಲು ಅವರದು.