ಸಂಚಿಕೆ ಪಠ್ಯ: ಮೈಸೂರಿನ ಜಾವಾದ ಝೆಕ್ ದಾಯಾದಿ, ಮತ್ತು ಹಳೇ ಟೂ-ಸ್ಟ್ರೋಕ್ ಬೈಕನ್ನು ಎಷ್ಟು ಬದಲಾಯಿಸಬಹುದು ಅನ್ನೋ ಪ್ರಶ್ನೆ

ಹೋದ ಕೆಲವು ವಾರಗಳಿಂದ ನಿಮ್ಮಲ್ಲಿ ಬಹಳ ಜನ ಒಂದೇ ಥರದ ಪ್ರಶ್ನೆ ಕಳಿಸ್ತಾ ಇದೀರ. ಅಪ್ಪನದ್ದೋ ತಾತನದ್ದೋ ಹಳೇ ಟೂ-ಸ್ಟ್ರೋಕ್ ಬೈಕು ಶೆಡ್ಡಲ್ಲಿ ನಿಂತಿದೆ, ಅದನ್ನ ಎಬ್ಬಿಸಬೇಕು. ಹಾಗೇ ಇದ್ದಂಗೆ ಎಬ್ಬಿಸೋದಾ, ಇಲ್ಲಾ ಹೊಸ ಕಾಲದ ಪಾರ್ಟ್ಸ್ ಹಾಕಿ ಇನ್ನೂ ಚೆನ್ನಾಗಿ ಓಡೋ ಥರ ಮಾಡೋದಾ?

ಇದಕ್ಕೆ ಮೆಕ್ಯಾನಿಕ್ಕು ಒಂದು ಉತ್ತರ ಕೊಡ್ತಾರೆ, ಆರ್‌ಟಿಒ ಇನ್ನೊಂದು ಕೊಡುತ್ತೆ. ಇತಿಹಾಸ ಮೂರನೇ ಉತ್ತರ ಕೊಡುತ್ತೆ. ಇವತ್ತು ಆ ಮೂರನೇದರಿಂದ ಶುರು ಮಾಡೋಣ. ಅದಕ್ಕೆ ನಾನು ಆರಿಸಿಕೊಂಡಿರೋದು ಝೆಕೊಸ್ಲೊವಾಕಿಯಾದ ಸಿ.ಝೆಡ್. ಅನ್ನೋ ಮೋಟೋಕ್ರಾಸ್ ಬೈಕು. ಯಾಕೆ ಅದೇ ಬೇಕಿತ್ತು ಅಂದ್ರೆ, ನಮ್ಮ ಮೈಸೂರಿನ ಜಾವಾಗೆ ಅದು ದಾಯಾದಿ.

ಮೊದಲು ಇಂಜಿನ್ನಿನ ವಿಷಯ, ಚುಟುಕಾಗಿ. ಫೋರ್-ಸ್ಟ್ರೋಕ್ ಇಂಜಿನ್ನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲ್ ಉರಿದು ಶಕ್ತಿ ಬರುತ್ತೆ. ಟೂ-ಸ್ಟ್ರೋಕಲ್ಲಿ ಪ್ರತಿ ಸುತ್ತಿಗೂ ಬರುತ್ತೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಹೋಗ್ತಾ ಸಿಲಿಂಡರಿನ ಗೋಡೆಯಲ್ಲಿರೋ ಕಿಂಡಿಗಳನ್ನ ತೆಗೆದು ಮುಚ್ಚುತ್ತೆ. ಇಂಜಿನ್ ಹಗುರ, ತಯಾರಿಸೋಕೆ ಅಗ್ಗ, ರಿಪೇರಿ ಸುಲಭ. ಆದರೆ ಒಂದು ದೊಡ್ಡ ಕಾಯಿಲೆ: ಹೊಗೆ ಹೊರಗೆ ಹೋಗೋ ಹೊತ್ತಲ್ಲೇ ಹೊಸ ಪೆಟ್ರೋಲ್ ಗಾಳಿನೂ ಒಳಗೆ ಬರುತ್ತೆ, ಅದರಲ್ಲಿ ಒಂದಷ್ಟು ಉರಿಯದೇ ಹೊಗೆ ಜೊತೆ ಆಚೆ ಹೋಗಿಬಿಡುತ್ತೆ. ಅದಕ್ಕೇ 1950ರ ದಶಕದವರೆಗೂ ರೇಸ್ ಜಗತ್ತು ಟೂ-ಸ್ಟ್ರೋಕನ್ನ ಬಡವರ ಗಾಡಿ ಅಂತಲೇ ನೋಡ್ತಿತ್ತು.

ಈ ಕಾಯಿಲೆಗೆ ಮದ್ದು ಸಿಕ್ಕಿದ್ದು ಪೂರ್ವ ಜರ್ಮನಿಯ ಶೋಪಾವ್ ಊರಲ್ಲಿ, ಎಂ.ಝೆಡ್. ಕಾರ್ಖಾನೆಯಲ್ಲಿ. ಅಲ್ಲಿನ ಇಂಜಿನಿಯರ್ ವಾಲ್ಟರ್ ಕಾಡೆನ್ ಸೈಲೆನ್ಸರ್ ಪೈಪಿನ ಆಕಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಪೈಪು ಮಧ್ಯೆ ಹೊಟ್ಟೆ ಬಂದ ಹಾಗೆ ಅಗಲವಾಗಿ, ಮತ್ತೆ ಕಿರಿದಾಗುತ್ತೆ. ಇಂಜಿನ್ನಿಂದ ಹೊರಟ ಒತ್ತಡದ ಅಲೆ ಆ ಕಿರಿದಾದ ಜಾಗಕ್ಕೆ ಬಡಿದು ವಾಪಸ್ ಬರುತ್ತೆ. ಬರ್ತಾ, ತಪ್ಪಿಸಿಕೊಂಡು ಹೋಗ್ತಿದ್ದ ಪೆಟ್ರೋಲ್ ಗಾಳಿಯನ್ನ ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತೆ. ಒಂದು ತಗಡಿನ ಪೈಪು ಪಂಪಿನ ಕೆಲಸ ಮಾಡಿತು! 1961ರ ಹೊತ್ತಿಗೆ ಕಾಡೆನ್ ಅವರ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಕೊಡ್ತಿತ್ತು. ಲೀಟರಿಗೆ 200 ಅಶ್ವಶಕ್ತಿಯ ಲೆಕ್ಕ.

ಅದೇ ವರ್ಷ ಆಗಸ್ಟಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಲ್ಲಿ ಸ್ವೀಡನ್‌ನ ರೇಸ್ ಮುಗೀತಿದ್ದಂಗೆ ಎಂ.ಝೆಡ್. ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಪಲಾಯನ ಮಾಡಿದರು. ಹೆಂಡತಿ ಮಕ್ಕಳನ್ನ ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಡೆಗ್ನರ್ ಹೋಗಿ ಸೇರಿದ್ದು ಜಪಾನಿನ ಸುಜುಕಿಯನ್ನ, ಜೊತೆಗೆ ಕಾಡೆನ್ ಅವರ ವಿದ್ಯೆಯನ್ನೂ ಕೊಂಡೊಯ್ದರು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಸುಜುಕಿ ಪಾಲಾಯಿತು. ಬಿ.ಕಾಂ. ಓದಿದವನಾಗಿ ನನಗೆ ಇಲ್ಲಿ ಕಾಣೋದು ಒಂದು ಲೆಕ್ಕ: ಕಾರ್ಖಾನೆಯ ಆಸ್ತಿ ಅಂತ ಬ್ಯಾಲೆನ್ಸ್ ಶೀಟಲ್ಲಿ ಬರೆಯೋದು ಕಟ್ಟಡ, ಯಂತ್ರ ಇವನ್ನ. ಅತಿ ದೊಡ್ಡ ಆಸ್ತಿ ಮಾತ್ರ ಒಬ್ಬ ಮನುಷ್ಯನ ತಲೆಯಲ್ಲಿ ಕೂತು ಗಡಿ ದಾಟಿತು.

ಇಷ್ಟು ಟಾರು ರಸ್ತೆಯ ರೇಸ್ ಕಥೆ. ಈಗ ಮಣ್ಣಿಗೆ ಇಳಿಯೋಣ.

ಮೋಟೋಕ್ರಾಸ್‌ನ 500 ಸಿಸಿ ವರ್ಗದಲ್ಲಿ ಆಗ ದೊಡ್ಡ ಫೋರ್-ಸ್ಟ್ರೋಕ್ ಗಾಡಿಗಳದ್ದೇ ರಾಜ್ಯಭಾರ. 1964 ಮತ್ತು 1965ರಲ್ಲಿ ಇಂಗ್ಲೆಂಡಿನ ಜೆಫ್ ಸ್ಮಿತ್ ಬಿ.ಎಸ್.ಎ. ಬೈಕಲ್ಲಿ ಗೆದ್ದಿದ್ದರು. 250 ಸಿಸಿ ವರ್ಗದಲ್ಲಿ ಮಾತ್ರ ಟೂ-ಸ್ಟ್ರೋಕ್ ಆಗಲೇ ಕಾಲೂರಿತ್ತು. ಅಲ್ಲಿ ಸ್ವೀಡನ್‌ನ ಹಸ್ಕ್‌ವರ್ನಾ ಜೊತೆ ಪೈಪೋಟಿಗೆ ಬಿದ್ದಿದ್ದು ಸಿ.ಝೆಡ್. ದಕ್ಷಿಣ ಬೊಹೀಮಿಯಾದ ಸ್ಟ್ರಾಕೊನಿತ್ಸೆ ಅನ್ನೋ ಊರಿನ ಬಂದೂಕು ಕಾರ್ಖಾನೆ ಅದು. ಹೆಸರಿನ ಅರ್ಥವೇ ಝೆಕ್ ಶಸ್ತ್ರಾಸ್ತ್ರ ಕಾರ್ಖಾನೆ. ಉಕ್ಕು ಎರಕ, ಸೂಕ್ಷ್ಮ ಕಡೆತ, ಇವೆಲ್ಲ ಅವರಿಗೆ ಬಂದೂಕಿನಿಂದ ಬಂದ ವಿದ್ಯೆ.

1964ರಲ್ಲಿ ಬೆಲ್ಜಿಯಂನ ಜೋಯೆಲ್ ರಾಬರ್ಟ್, ಇನ್ನೂ 20ರ ಹುಡುಗ, ಸಿ.ಝೆಡ್.ನಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದ. 1965ರಲ್ಲಿ ಸೋವಿಯತ್ ಸವಾರ ವಿಕ್ಟರ್ ಅರ್ಬೆಕೊವ್. ಆಮೇಲೆ 1966ರಲ್ಲಿ ದೊಡ್ಡ ಆಘಾತ: ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಬರೀ 360 ಸಿಸಿ ಸಿ.ಝೆಡ್. ತಗೊಂಡು 500 ಸಿಸಿ ವರ್ಗವನ್ನೇ ಗೆದ್ದರು. ಆ ವರ್ಗದಲ್ಲಿ ಟೂ-ಸ್ಟ್ರೋಕ್ ಗೆದ್ದಿದ್ದು ಅದೇ ಮೊದಲು. 1967, 1968ರಲ್ಲೂ ಅವರೇ. ರಾಬರ್ಟ್ 1968, 1969ರಲ್ಲಿ ಮತ್ತೆ ಗೆದ್ದರು. ಆರು ವರ್ಷದಲ್ಲಿ ಏಳು ವಿಶ್ವ ಪ್ರಶಸ್ತಿ.

ಬಿ.ಎಸ್.ಎ. ಏನು ಮಾಡಿತು ಗೊತ್ತಾ? ಇಂಜಿನ್ ಬಿಟ್ಟು ತೂಕದ ಹಿಂದೆ ಬಿತ್ತು. 1966ಕ್ಕೆ ಟೈಟಾನಿಯಂ ಫ್ರೇಮ್ ಮಾಡಿಸಿತು. ದುಬಾರಿ ಲೋಹ. ಫ್ರೇಮ್ ಬಿರುಕು ಬಿಟ್ಟರೆ ಮೈದಾನದ ಪಕ್ಕದಲ್ಲಿ ಮಾಮೂಲಿ ಬೆಸುಗೆ ಹಾಕೋಕೂ ಆಗಲ್ಲ. ಅತ್ತ ಸಿ.ಝೆಡ್. ಉಕ್ಕಿನ ಫ್ರೇಮಲ್ಲೇ, ಹಳ್ಳಿ ಗ್ಯಾರೇಜಲ್ಲೂ ಬೆಸುಗೆ ಹಾಕಬಹುದಾದ ಬೈಕಲ್ಲೇ ಗೆಲ್ತಾ ಹೋಯ್ತು. ಅಷ್ಟೇ ಅಲ್ಲ, ಚಾಂಪಿಯನ್ ಓಡಿಸಿದ್ದರ ಹತ್ತಿರದ ರೂಪವನ್ನ ಅಂಗಡಿಯಲ್ಲಿ ಸಾಮಾನ್ಯ ಸವಾರರಿಗೂ ಮಾರಿತು. ಸಮಾಜವಾದಿ ದೇಶದ ಸರ್ಕಾರಿ ಕಾರ್ಖಾನೆ ಪಶ್ಚಿಮದ ದುಡ್ಡು ತರೋಕೆ ಬೈಕು ರಫ್ತು ಮಾಡ್ತಿತ್ತು. ಇವತ್ತು ಅಮೆರಿಕ, ಇಂಗ್ಲೆಂಡಿನ ಶೆಡ್ಡುಗಳಲ್ಲಿ ಸಿ.ಝೆಡ್.ಗಳು ಸಿಗೋದು ಅದಕ್ಕೇ.

ಆ ಯುಗ ಮುಗಿಸಿದ್ದು ಯಾರು? ಅದೇ ಸುಜುಕಿ. 1965ರಲ್ಲಿ ಯುರೋಪಿನ ಮಣ್ಣಿಗೆ ಬಂದಾಗ ಅವರ ಬೈಕು ಲೆಕ್ಕಕ್ಕೇ ಇರಲಿಲ್ಲ. 1968ರಲ್ಲಿ ಸ್ವೀಡನ್‌ನ ಓಲೆ ಪೆಟರ್ಸನ್ ಅವರನ್ನ ಇಟ್ಟುಕೊಂಡು ಫ್ರೇಮ್, ಶಾಕ್ ಅಬ್ಸಾರ್ಬರ್ ಎಲ್ಲ ತಿದ್ದಿದರು. ಸಿ.ಝೆಡ್.ನಿಂದ ರಾಬರ್ಟ್ ಅವರನ್ನೇ ಕರೆತಂದರು. 1970ರಲ್ಲಿ ಜಪಾನಿಗೆ ಮೊದಲ ಮೋಟೋಕ್ರಾಸ್ ವಿಶ್ವ ಪ್ರಶಸ್ತಿ.

ಇನ್ನೊಂದು ತಿರುವು 1973ರಲ್ಲಿ. ಅಲ್ಲೀವರೆಗೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡ್ತಿದ್ದದ್ದು ನಾಲ್ಕು ಇಂಚಿನ ಆಸುಪಾಸು. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎರಡು ಶಾಕ್ ತೆಗೆದು ಟ್ಯಾಂಕಿನ ಕೆಳಗೆ ಒಂದೇ ಉದ್ದ ಶಾಕ್ ಇಡೋ ಉಪಾಯ ಹೂಡಿದರು. ಯಮಹಾ ಅದನ್ನ ಕೊಂಡುಕೊಂಡಿತು, ಹೋಕನ್ ಆಂಡರ್ಸನ್ ಅದೇ ವರ್ಷ 250 ಸಿಸಿ ಪ್ರಶಸ್ತಿ ಗೆದ್ದರು. ಮುಂದಿನ ಹತ್ತು ವರ್ಷದಲ್ಲಿ ಚಕ್ರದ ಆಟ ಹನ್ನೆರಡು ಇಂಚಿನವರೆಗೂ ಹೋಯ್ತು. ಜಿಗಿತಗಳು ದೊಡ್ಡದಾದವು, ಟ್ರ್ಯಾಕ್‌ಗಳೇ ಬದಲಾದವು. ಇದನ್ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಮೈಸೂರಿಗೆ ಬರೋಣ.

ಝೆಕೊಸ್ಲೊವಾಕಿಯಾದಲ್ಲಿ ಯುದ್ಧದ ನಂತರ ಕಾರ್ಖಾನೆಗಳೆಲ್ಲ ಸರ್ಕಾರದ್ದಾದವು. ಜಾವಾ ಮತ್ತು ಸಿ.ಝೆಡ್. 1950ರ ದಶಕದಲ್ಲಿ ಜಾವಾ-ಸಿ.ಝೆಡ್. ಅಂತ ಜೋಡಿ ಹೆಸರಲ್ಲೇ ಬೈಕು ತಯಾರಿಸ್ತಿದ್ದವು. ಮುಂಬೈಯ ಇರಾನಿ ಕುಟುಂಬ ಜಾವಾ ಬೈಕುಗಳನ್ನ ಆಮದು ಮಾಡಿ ಮಾರ್ತಿತ್ತು. ಆಮೇಲೆ ಪರವಾನಗಿ ಪಡೆದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಹಾಕಿತು. 1961ರಲ್ಲಿ ಅದನ್ನ ಉದ್ಘಾಟಿಸಿದ್ದು ಆಗಿನ ರಾಜ್ಯಪಾಲ ಜಯಚಾಮರಾಜ ಒಡೆಯರ್. 1973ರಲ್ಲಿ ಬೈಕಿನ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಬೀಗ ಬಿತ್ತು. ಕಿಕ್ಕರನ್ನೇ ಮಡಚಿ ಗೇರ್ ಲಿವರ್ ಮಾಡ್ಕೊಳ್ಳೋ ಆ ಚಮತ್ಕಾರ ನಿಮಗೆ ಗೊತ್ತೇ ಇರುತ್ತೆ. ಅದು ಝೆಕ್ ನಾಡಿನದ್ದೇ.

ಹಾಗಾಗಿ ಅಲ್ಲಿ ಸಿ.ಝೆಡ್. ಬಿಚ್ಚೋರಿಗೂ ಇಲ್ಲಿ ಯೆಜ್ಡಿ ಬಿಚ್ಚೋರಿಗೂ ತೊಂದರೆಗಳು ಬಹುಪಾಲು ಒಂದೇ. ಪಟ್ಟಿ ಮಾಡ್ತೀನಿ.

ಮೊದಲನೇದು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು. ಟೂ-ಸ್ಟ್ರೋಕಲ್ಲಿ ಕ್ರ್ಯಾಂಕ್‌ಕೇಸೇ ಪೆಟ್ರೋಲ್ ಗಾಳಿಯನ್ನ ಒತ್ತೋ ಪಂಪು. ವರ್ಷಗಟ್ಟಲೆ ನಿಂತ ಗಾಡಿಯ ರಬ್ಬರು ಗಟ್ಟಿಯಾಗಿ ಗಾಳಿ ಒಳಗೆ ನುಗ್ಗುತ್ತೆ, ಪೆಟ್ರೋಲ್ ಪ್ರಮಾಣ ಕಮ್ಮಿಯಾಗುತ್ತೆ, ಇಂಜಿನ್ ಕಾದು ಪಿಸ್ಟನ್ ಸೀಜ್ ಆಗುತ್ತೆ. ಕಿಕ್ ಹೊಡೆದು ನೋಡೋಣ ಅನ್ನೋ ಆಸೆ ತಡ್ಕೊಳ್ಳಿ. ಎಲ್ಲ ಕಿಂಡಿ ಮುಚ್ಚಿ ಸುಮಾರು 6 ಪಿಎಸ್‌ಐ ಗಾಳಿ ತುಂಬಿ, ಕೆಲ ನಿಮಿಷ ನಿಲ್ಲುತ್ತಾ ನೋಡಿ. ನಿಲ್ಲದಿದ್ದರೆ ಸೀಲು ಬದಲಾಯಿಸದೇ ಗತಿಯಿಲ್ಲ.

ಎರಡನೇದು ಕ್ರ್ಯಾಂಕ್. ಅದು ತುಂಡು ತುಂಡಾಗಿ ಪ್ರೆಸ್ ಮಾಡಿ ಜೋಡಿಸಿದ್ದು. ಬಿಚ್ಚಿ ಹೊಸ ಬೇರಿಂಗ್ ಹಾಕಿ ಮತ್ತೆ ಜೋಡಿಸಿದಾಗ ಡಯಲ್ ಗೇಜ್ ಇಟ್ಟು ನೇರ ನೋಡಲೇಬೇಕು. ಈ ಕೆಲಸ ಕೈಯಲ್ಲೇ ಬಲ್ಲವರು ಮೈಸೂರಲ್ಲೂ ಬೆಂಗಳೂರಲ್ಲೂ ಇನ್ನೂ ಇದಾರೆ, ಆದರೆ ವಯಸ್ಸಾದವರು.

ಮೂರನೇದು ಸಿಲಿಂಡರ್. ಬೀಡುಕಬ್ಬಿಣದ ಒಳಗೋಡೆ ಇರೋದ್ರಿಂದ ಬೋರ್ ಮಾಡಿ ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಬಹುದು. ಬೋರ್ ಆದ ಮೇಲೆ ಕಿಂಡಿಗಳ ಚೂಪು ಅಂಚನ್ನ ನಯ ಮಾಡಿಸಿ, ಇಲ್ಲಾಂದ್ರೆ ಪಿಸ್ಟನ್ ರಿಂಗು ಸಿಕ್ಕಿಹಾಕಿಕೊಂಡು ಮುರಿಯುತ್ತೆ.

ಇಲ್ಲೀವರೆಗೆ ರಿಪೇರಿ. ಇದರ ಬಗ್ಗೆ ಜಗಳ ಇಲ್ಲ. ಮುಂದಿನದ್ದು ಅಪ್‌ಗ್ರೇಡು. ಸಿ.ಝೆಡ್. ಅಭಿಮಾನಿಗಳು ಮೂಲ ಯಿಕೊವ್ ಕಾರ್ಬ್ಯುರೇಟರ್ ತೆಗೆದು ಜಪಾನಿನ ಮಿಕುನಿ ಹಾಕ್ತಾರೆ. ಪಾಯಿಂಟ್ಸ್, ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ತಾರೆ. ಬೈಕು ಒಂದೇ ಕಿಕ್ಕಿಗೆ ಎದ್ದು ಕೂರುತ್ತೆ, ನಿಜ. ಆದರೆ ಗೆರೆ ಎಲ್ಲಿ ಎಳೀಬೇಕು?

ಗೆರೆ ಎಳೆದಿರೋ ಎರಡು ನಿಯಮ ಪುಸ್ತಕ ನೋಡೋಣ. ಅಮೆರಿಕದ ವಿಂಟೇಜ್ ಮೋಟೋಕ್ರಾಸ್ ರೇಸ್ ನಡೆಸೋ ಎ.ಎಚ್.ಆರ್.ಎಂ.ಎ. ಸಂಸ್ಥೆ ತನ್ನ ಹಳೇ ಬೈಕುಗಳ ವರ್ಗದಲ್ಲಿ ಮುಂದಿನ ಚಕ್ರಕ್ಕೆ 7 ಇಂಚು, ಹಿಂದಿನದಕ್ಕೆ 4 ಇಂಚು ಆಟದ ಮಿತಿ ಹಾಕಿದೆ. ಆ ನಾಲ್ಕು ಇಂಚು ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು: ಟಿಲ್ಕೆನ್ಸ್ ಶಾಕ್ ಬರೋದಕ್ಕೆ ಮುಂಚಿನ ಲೋಕ. ಇಂಜಿನ್ ಒಳಗೆ ಹೊಸ ಇಗ್ನಿಷನ್ ಹಾಕಿದರೆ ಬೈಕಿನ ಸ್ವಭಾವ ಬದಲಾಗಲ್ಲ, ಉದ್ದ ಶಾಕ್ ಹಾಕಿದರೆ ಬದಲಾಗುತ್ತೆ, ಅದು 1973ರ ಆಚೆಗಿನ ಬೈಕಾಗಿಬಿಡುತ್ತೆ ಅನ್ನೋ ತರ್ಕ.

ಎರಡನೇ ಪುಸ್ತಕ ನಮ್ಮದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿ ನಿಯಮ ತಂದಿತು. 50 ವರ್ಷ ದಾಟಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ 'ವಿ.ಎ.' ಅಕ್ಷರದ ವಿಶೇಷ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಷರತ್ತು ಏನಂದ್ರೆ ವಾಹನ ಮೂಲ ಸ್ವರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೈಸೂರಿನ ಮೊದಲ ಜಾವಾಗಳೆಲ್ಲ ಈಗ 50 ದಾಟಿವೆ. ಅಂದ್ರೆ ಖುಷಿಗೆ ಅಂತ ಇವತ್ತು ಫ್ರೇಮ್ ಕತ್ತರಿಸಿ ಡಿಸ್ಕ್ ಬ್ರೇಕು, ಬೇರೆ ಇಂಜಿನ್ ಕೂರಿಸಿದರೆ, ನಾಳೆ ಆ ಬೈಕು ವಿಂಟೇಜ್ ಅನ್ನಿಸಿಕೊಳ್ಳೋ ಹಕ್ಕನ್ನೇ ಕಳ್ಕೊಬಹುದು.

ಹಾಗಂತ ಏನೂ ಮುಟ್ಟಬೇಡಿ ಅಂತಲ್ಲ. ಈಗ ಬಂಕಲ್ಲಿ ಸಿಗೋದು ಇ-20 ಪೆಟ್ರೋಲು. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರ್ ಪೈಪು ಮೆತ್ತಗೆ ಮಾಡುತ್ತೆ, ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಿಸುತ್ತೆ. ಪೈಪು, ಸೀಲು ಬದಲಾಯಿಸಿ, ಜೆಟ್ ಒಂದು ಸೈಜ್ ದೊಡ್ಡದು ಹಾಕದಿದ್ದರೆ ಮೂಲ ಸ್ವರೂಪದ ಇಂಜಿನ್ನೇ ಸುಟ್ಟುಹೋಗಬಹುದು. ಅಂದ್ರೆ ಉಳಿಸೋದಕ್ಕೇ ಕೆಲವನ್ನ ಬದಲಾಯಿಸಬೇಕು.

ನನ್ನ ಲೆಕ್ಕ ಇಷ್ಟು. ಮತ್ತೆ ವಾಪಸ್ ಬಿಚ್ಚಿ ಹಳೇದನ್ನ ಹಾಕಬಹುದಾದ ಬದಲಾವಣೆ ಏನಿದೆಯೋ ಅದನ್ನ ಧೈರ್ಯವಾಗಿ ಮಾಡಿ. ಕತ್ತರಿಸೋದು, ಕೊರೆಯೋದು, ಬೆಸುಗೆ ಹಾಕೋದು ಬಂದಾಗ ನಿಲ್ಲಿ. ತೆಗೆದ ಪಾರ್ಟನ್ನ ಶಿವಾಜಿನಗರದ ಗುಜರಿಗೆ ಕೊಡಬೇಡಿ, ಎಣ್ಣೆ ಸವರಿ, ಚೀಟಿ ಅಂಟಿಸಿ ಡಬ್ಬದಲ್ಲಿಡಿ. ಏನೇನು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಇನ್ನೂ ಮುಖ್ಯ, ಕ್ರ್ಯಾಂಕ್ ನೇರ ಮಾಡೋ ಆ ಹಿರಿಯ ಮೇಸ್ತ್ರಿ ಹತ್ತಿರ ಹೋದಾಗ ಪಕ್ಕದಲ್ಲಿ ಕೂತು ನೋಡಿ, ಅವರು ಒಪ್ಪಿದರೆ ಫೋನಲ್ಲಿ ವಿಡಿಯೋ ಮಾಡಿ. ಕಾಡೆನ್ ಅವರ ವಿದ್ಯೆ ಗಡಿ ದಾಟಿ ಇನ್ನೊಂದು ಕಡೆ ಬದುಕಿತು. ಯಾದವಗಿರಿಯ ವಿದ್ಯೆ ಹೋಗೋಕೆ ಬೇರೆ ಊರಿಲ್ಲ, ಅದು ನಮ್ಮಲ್ಲೇ ಯಾರಾದರೂ ಕಲಿತರೆ ಉಂಟು.

ನಿಮ್ಮ ಮನೆಯ ಬೈಕು ಯಾವ ವರ್ಷದ್ದು, ಏನು ತೊಂದರೆ ಅಂತ ಧ್ವನಿ ಸಂದೇಶ ಕಳಿಸಿ. ಕೆಲವನ್ನ ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ತೀನಿ.